ಬ್ರೇಕ್ ಮೇಷ್ಟ್ರ ಗಾಡಿಯ ನಾತ

ಗಾಡಿಯಲ್ಲಿ ನಾತ ಇದೆ ಎಂದು ಮೊದಲು ಬಾಯಿ ಬಿಟ್ಟು ಹೇಳಿದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಹೇಳಿದ ಮರುದಿನದಿಂದ ಅವಳು ಕ್ಲಾಸಿಗೆ ಬರಲಿಲ್ಲ. ಅದಕ್ಕೂ ಮುಂಚೆ ಬಿಟ್ಟುಹೋಗಿದ್ದ ನಾಲ್ಕು ಜನ ನಾತದ ಮಾತೇ ಎತ್ತಿರಲಿಲ್ಲ. ಒಬ್ಬನಿಗೆ ಜ್ವರ, ಒಬ್ಬಳಿಗೆ ಪರೀಕ್ಷೆ, ಇನ್ನಿಬ್ಬರಿಗೆ ಊರಿನಲ್ಲಿ ಏನೋ ತುರ್ತು. ಆ ಜ್ವರದವನು ಎದುರು ರಸ್ತೆಯ ಡ್ರೈವಿಂಗ್ ಸ್ಕೂಲಿನ ಹೊಚ್ಚ ಹೊಸ ಕಾರಿನಲ್ಲಿ ಕೂತು ಗೇರು ಹಾಕುತ್ತಿದ್ದುದನ್ನು ಮೇಷ್ಟ್ರು ಕಣ್ಣಾರೆ ಕಂಡರು. ಅವನೂ ಇವರನ್ನು ಕಂಡ. ಇಬ್ಬರೂ ಕಾಣದವರ ಹಾಗೆ ಮುಖ ತಿರುಗಿಸಿಕೊಂಡರು.

ಊರಿನವರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಕಾರು ಕಲಿಸುವುದೊಂದೇ ಅವರ ಕಸುಬು. ಕಲಿಯುವವರು ಸ್ಟೀರಿಂಗ್ ಹಿಡಿದು ಕೂತರೆ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಅವರ ಕಾಲಬುಡದಲ್ಲಿ ಇನ್ನೊಂದು ಬ್ರೇಕು. "ಸ್ಟೀರಿಂಗ್ ನಿಮ್ಮ ಕೈಲಿದೆ, ಪ್ರಾಣ ನನ್ನ ಕಾಲಲ್ಲಿದೆ, ಹೆದರ್ಬೇಡಿ" ಎಂಬುದು ಮೊದಲ ದಿನದ ಮೊದಲ ಮಾತು. ಬಾಯಲ್ಲಿ ಹೇಳಿದಂತೆ ಕಾಲಿನಲ್ಲೂ ನಡೆದುಕೊಂಡವರು. ಅಷ್ಟು ವರ್ಷದಲ್ಲಿ ಒಂದು ನಾಯಿಮರಿಯೂ ಅವರ ಗಾಡಿಗೆ ಸಿಕ್ಕಿರಲಿಲ್ಲ. ಊರಿನ ಅರ್ಧ ಡ್ರೈವರುಗಳು ಅವರ ಬಲಗಾಲಿನ ಶಿಷ್ಯರು ಎಂದು ಅವರ ಭಾವಮೈದ ತಮಾಷೆ ಮಾಡುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಮೇಷ್ಟ್ರು ಒಳಗೊಳಗೇ ಉಬ್ಬುತ್ತಿದ್ದರು.

ಕಾರಿಗೆ ಹದಿನೇಳು ವರ್ಷ. ಬಾನೆಟ್ಟಿನ ಬಣ್ಣ ಹಾರಿತ್ತು, ಹಿಂದಿನ ಒಂದು ಬಾಗಿಲು ಒಳಗಿನಿಂದ ತೆಗೆದರೆ ಮಾತ್ರ ತೆಗೆಯುತ್ತಿತ್ತು. ಅದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಂಡವರಲ್ಲ. ಹಳೇ ಗಾಡಿಯಲ್ಲಿ ಕಲಿತರೆ ಯಾವ ಗಾಡಿಯನ್ನಾದರೂ ಓಡಿಸಬಹುದು ಎಂದರೆ ಜನ ಒಪ್ಪುತ್ತಿದ್ದರು. ಆದರೆ ನಾತಕ್ಕೆ ಇಂಥ ಯಾವ ಸಮಾಧಾನ ಹೇಳುವುದು? ನಾತದ ಗಾಡಿಯಲ್ಲಿ ಕಲಿತರೆ ಯಾವ ಗಾಡಿಯಲ್ಲಾದರೂ ಉಸಿರಾಡಬಹುದು ಎನ್ನಲಾಗುತ್ತದೆಯೆ?

ಆ ನಾತವಾದರೂ ಎಂಥದು ಎಂದು ಗೊತ್ತಾಗುತ್ತಿರಲಿಲ್ಲ. ಮುಗ್ಗಲು ಎನ್ನೋಣವೆಂದರೆ ಮುಗ್ಗಲಲ್ಲ, ಹಳಸಲು ಎಂದರೆ ಹಳಸಲೂ ಅಲ್ಲ. ಕೊಳೆತ ಹಣ್ಣಿನ ಹಾಗೆ ಒಂದಿಷ್ಟು ಸಿಹಿ ಬೆರೆತಿತ್ತು, ಮೂಗಿನ ಹೊಳ್ಳೆಗೆ ಹತ್ತಿಕೊಂಡರೆ ಮನೆಗೆ ಬಂದು ಊಟಕ್ಕೆ ಕೂತರೂ ಬಿಡುತ್ತಿರಲಿಲ್ಲ. ಕಿಟಕಿ ತೆಗೆದರೆ ಕಡಿಮೆ, ಹಾಕಿದರೆ ಹತ್ತು ನಿಮಿಷದಲ್ಲಿ ಗಬ್ಬು. ಹನ್ನೊಂದು ಜನರಿದ್ದ ಪಟ್ಟಿ ಆರಕ್ಕಿಳಿಯಿತು, ಆರು ಮೂರಾಯಿತು. ನಾತ ಹೋಗದಿದ್ದರೆ ಸ್ಕೂಲಿನ ಬೋರ್ಡು ಇಳಿಸಿ ಮನೆಯಲ್ಲಿ ಕೂರಬೇಕಾಗುತ್ತದೆಂದು ಮೇಷ್ಟ್ರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಐವತ್ತೆಂಟರ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಕೊಟ್ಟರೂ ಏನು ಮಾಡಲು ಬರುತ್ತದೆ? ಬ್ರೇಕು ಒತ್ತುವುದೊಂದು ಬಿಟ್ಟರೆ ಅವರಿಗೆ ಬೇರೇನೂ ಬರುತ್ತಿರಲಿಲ್ಲ.

ಹಾಗಾಗಿ ಮೇಷ್ಟ್ರು ಸೊಂಟ ಕಟ್ಟಿ ನಿಂತರು. ಮೊದಲು ಸೋಪಿನ ನೀರಿನಲ್ಲಿ ಸೀಟುಗಳನ್ನು ಗಸಗಸ ಉಜ್ಜಿ, ನಾಲ್ಕು ಬಾಗಿಲೂ ತೆಗೆದು ಬಿಸಿಲಿಗೆ ನಿಲ್ಲಿಸಿದರು. ಆಮೇಲೆ ಅಡುಗೆ ಸೋಡಾ ಉದುರಿಸಿ, ಒಂದು ಹಗಲು ಬಿಟ್ಟು ಗುಡಿಸಿದರು. ಯಾರೋ ಕಾಫಿಪುಡಿ ಎಂದರು, ಅದನ್ನೂ ಬಟ್ಟಲಲ್ಲಿಟ್ಟು ಸೀಟಿನಡಿ ತಳ್ಳಿದರು. ಇನ್ಯಾರೋ ನಿಂಬೆಹಣ್ಣು ಎಂದರು. ಕೊನೆಗೆ ಕನ್ನಡಿಗೆ ತೂಗುಹಾಕುವ ಸೆಂಟಿನ ಡಬ್ಬಿ ತಂದರು. ನಾತ ಸೆಂಟು ಹಚ್ಚಿಕೊಂಡು ಸಿಂಗಾರಗೊಂಡಿತೇ ಹೊರತು ಜಾಗ ಬಿಟ್ಟು ಕದಲಲಿಲ್ಲ. ಮೂವರಲ್ಲಿ ಇಬ್ಬರು ಆ ಸೆಂಟಿಗೇ ತಲೆನೋವು ಬಂತೆಂದು ನೆಪ ಹೇಳಿ ಹೋದರು.

ಉಳಿದವಳು ಟೈಲರಮ್ಮ ಒಬ್ಬಳೇ. ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವ ನಲವತ್ತೈದರ ಹೆಂಗಸು. ಹೊಲಿದ ಬಟ್ಟೆಯ ಗಂಟುಗಳನ್ನು ತಾನೇ ವ್ಯಾನಿನಲ್ಲಿ ಹಾಕಿಕೊಂಡು ಶಾಲೆಗಳಿಗೆ ಮುಟ್ಟಿಸಬೇಕೆಂಬ ಹಟ ಅವಳಿಗೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೇಷ್ಟ್ರ ಕಾಲು ಪಕ್ಕದಲ್ಲಿದ್ದರೆ ಹುಲಿ, ಇಲ್ಲದಿದ್ದರೆ ಕೈಕಾಲು ತಣ್ಣಗೆ.

"ನನ್ನಂಥ ದಡ್ಡೀನ ಬೇರೆ ಯಾರು ಸೇರಿಸ್ಕೋತಾರೆ ಮೇಷ್ಟ್ರೇ? ನಿಮಗೆ ನಾನೇ ಗತಿ, ನನಗೆ ನೀವೇ ಗತಿ. ನಾತ ಇದ್ರೆ ಇರ್ಲಿ ಬಿಡಿ," ಎಂದು ನಕ್ಕಳು. ಮರುದಿನ ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಯಲ್ಲಿ ಆರು ಚೀಲ ಹೊಲಿದು, ಒಳಗೆ ಇದ್ದಿಲ ಚೂರು ತುಂಬಿ ತಂದಳು. ಇದ್ದಿಲು ನಾತ ಹೀರುತ್ತದಂತೆ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು, ಧೂಳೆಂದು ಒರೆಸಿಕೊಂಡರು. ಇದ್ದಿಲೂ ಸೋತಿತು.

ಮನೆಯಲ್ಲೂ ಇದೇ ರಾಮಾಯಣ. ಗಾಡಿಯ ನಾತ ಮೇಷ್ಟ್ರ ಮೈಗೂ ಹತ್ತಿಕೊಂಡಿದೆ ಎಂದು ಅವರ ಹೆಂಡತಿ ತೀರ್ಮಾನಿಸಿದ್ದಳು. ಅದರಲ್ಲಿ ತಪ್ಪೇನಿತ್ತು? ದಿನಕ್ಕೆ ಆರು ಗಂಟೆ ಆ ಡಬ್ಬಿಯಲ್ಲಿ ಕೂತವರ ಮೈ ಘಮಘಮ ಎನ್ನುತ್ತದೆಯೆ?

"ರೀ, ಬೂಟು ಆಚೆ ಬಿಡಿ. ಒಳಗೆ ತರ್ಬೇಡಿ ಅಂದ್ರೆ ತರ್ಬೇಡಿ. ಕಾಲುಚೀಲ ನಮ್ಮ ಬಟ್ಟೆ ಜೊತೆ ನೆನೆಹಾಕ್ಬೇಡಿ."

"ನಾನೇ ಒಗ್ಕೋತೀನಿ ಮಾರಾಯ್ತಿ."

"ಮೈಯೆಲ್ಲ ಆ ಗಾಡಿ ನಾತ. ಮೊದ್ಲು ಅದನ್ನ ಮಾರಿ ಪುಣ್ಯ ಕಟ್ಕೊಳ್ಳಿ."

ಮೇಷ್ಟ್ರು ಬಾಗಿಲಾಚೆ ಬೂಟು ಬಿಟ್ಟು, ಬಚ್ಚಲಲ್ಲಿ ನಿಂತೇ ಕಾಲಿಗೆ ಎರಡು ಚೊಂಬು ನೀರು ಸುರಿದುಕೊಂಡು, ಒದ್ದೆ ಕಾಲುಚೀಲವನ್ನು ಹಿಂಡಿ ತಂತಿಗೆ ಹಾಕುತ್ತಿದ್ದರು. ಬಗ್ಗಿ ಅಂಗಾಲು ನೋಡಿಕೊಳ್ಳುವ ವಯಸ್ಸೂ ಅಲ್ಲ, ಹೊಟ್ಟೆಯೂ ಅಲ್ಲ. ಬಲಗಾಲಿನ ಚೀಲ ಯಾವಾಗಲೂ ಒದ್ದೆ, ತಳದಲ್ಲಿ ಕಂದು ಕಲೆ. ಗಾಡಿಯ ಮುಂದಿನ ನೆಲದಲ್ಲಿ, ಅವರು ಕಾಲಿಡುವ ಕಡೆಯೇ, ಎಲ್ಲಿಂದಲೋ ನೀರು ಜಿನುಗಿ ಮ್ಯಾಟು ತೊಯ್ಯುತ್ತಿತ್ತು, ತಗಡು ತುಕ್ಕು ಹಿಡಿದಿತ್ತು. ಕಲೆ ತುಕ್ಕಿನದೆಂದು ಗಂಡನೂ ತಿಳಿದ, ಹೆಂಡತಿಯೂ ತಿಳಿದಳು.

ಮೇಷ್ಟ್ರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೊದಲೆಲ್ಲ ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು, ಒದ್ದೆ ಬಟ್ಟೆ ಸುತ್ತಿಕೊಂಡು ಮಲಗಬೇಕಿತ್ತು. ಹೋದ ವರ್ಷ ಆ ಉರಿ ತಾನಾಗಿ ನಿಂತುಹೋಯಿತು. "ನೋಡು, ಉರಿ ಹೋಯ್ತು. ಸಕ್ಕರೆ ಹತೋಟಿಗೆ ಬಂತು ಅಂತ ಅರ್ಥ," ಎಂದು ಹೆಂಡತಿಯ ಮುಂದೆ ಬೀಗಿದರು. ಮಾತ್ರೆಯನ್ನು ನೆನಪಾದ ದಿನ ನುಂಗುವುದು, ಇಲ್ಲದ ದಿನ ಇಲ್ಲ. ಡಾಕ್ಟರ ಬಳಿ ಹೋಗುವುದನ್ನಂತೂ ಪೂರ್ತಿ ನಿಲ್ಲಿಸಿದರು. ನೋವಿಲ್ಲದವನು ಡಾಕ್ಟರ ಮುಂದೆ ಕೂತು ಏನೆಂದು ಹೇಳುವುದು? ಹೆಂಡತಿಯೂ ಅವರ ಕಾಲಿನ ಚಿಂತೆಯೊಂದು ಕಳೆಯಿತೆಂದು ಸುಮ್ಮನಾದಳು.

ಹೆಂಡತಿಯ ತಮ್ಮನಿಗೆ ಊರಾಚೆ ಒಂದು ಗ್ಯಾರೇಜಿತ್ತು. ಸ್ವಂತದ ಭಾವಮೈದ, ಕರೆದರೆ ಬರುತ್ತಾನೆ, ಆದರೆ ಬಂದರೆ ಬಾಯಿ ಸುಮ್ಮನಿರುವುದಿಲ್ಲ. ಗಾಡಿಯೊಳಗೆ ತಲೆ ಹಾಕಿದವನೇ ಹೊರಗೆ ಜಿಗಿದ.

"ಭಾವ, ಇದು ಕಾರೋ ಕಸಾಯಿಖಾನೆಯೋ? ಏನೋ ಸತ್ತಿದೆ ಇದರೊಳಗೆ!"

"ಹುಡುಕು ಮತ್ತೆ. ಬರೀ ಮಾತಾಡ್ಬೇಡ."

ಡ್ಯಾಶ್‌ಬೋರ್ಡು ಬಿಚ್ಚಿದ. ಗಾಳಿ ಬರುವ ಡಬ್ಬಿಯ ಹಿಂದೆ ಕೈ ಹಾಕಿ, ಹರಿದ ಕಾಗದ, ಹತ್ತಿ, ಪ್ಲಾಸ್ಟಿಕ್ ಚೂರಿನ ಒಂದು ಮುದ್ದೆ ಎಳೆದ. ಮುದ್ದೆಯ ನಡುವೆ ಇಲಿ. ಚಪ್ಪಟೆಯಾಗಿ, ಒಣಗಿ, ಬಾಲ ಮಾತ್ರ ನೆಟ್ಟಗೆ. ಭಾವಮೈದ ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, "ಇಗೋ ನಿಮ್ಮ ಹನ್ನೆರಡನೇ ಶಿಷ್ಯ. ಲೈಸೆನ್ಸ್ ಸಿಗೋ ಮುಂಚೆನೇ ಹೋಗ್ಬಿಟ್ಟ," ಎಂದ. ಮೇಷ್ಟ್ರು ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸಂಜೆ ಬಿಟ್ಟುಹೋದ ಶಿಷ್ಯರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ, ಇಲಿ ಸಿಕ್ಕಿತು, ನಾತ ಹೋಯಿತು, ಬನ್ನಿ ಎಂದರು. ಬ್ಯಾಂಕಿನ ಹುಡುಗಿ ಪಾಪ ನಂಬಿ ಬಂದಳು. ಇಪ್ಪತ್ತು ನಿಮಿಷ ಓಡಿಸಿದವಳು ರಸ್ತೆಬದಿಗೆ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು ವಾಂತಿ ಮಾಡಿಕೊಂಡಳು. ಮೇಷ್ಟ್ರು ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದರು.

ಅವತ್ತಿನಿಂದ ಮೇಷ್ಟ್ರ ಧೈರ್ಯ ಕುಸಿಯಿತು. ಒಣಗಿದ ಇಲಿ ಎಂದೋ ನಾರುವುದನ್ನು ನಿಲ್ಲಿಸಿತ್ತು, ಅದು ಅವರ ಬುದ್ಧಿಗೂ ಹೊಳೆಯಬೇಕಿತ್ತು. ಬೆಳಿಗ್ಗೆ ಎದ್ದರೆ ಗಾಡಿಯ ಬಾಗಿಲು ತೆಗೆಯಲು ಕೈ ಬರುತ್ತಿರಲಿಲ್ಲ. ತೆಗೆದ ಕೂಡಲೇ ಅಷ್ಟೇನೂ ಇರುತ್ತಿರಲಿಲ್ಲ. ಸದ್ಯ ಬದುಕಿದೆನೆಂದು ಕೂತರೆ ಸ್ವಲ್ಪ ಹೊತ್ತಿಗೆ ಬಂದೇ ಬರುತ್ತಿತ್ತು. ಇದು ತನ್ನನ್ನು ಆಟ ಆಡಿಸುತ್ತಿದೆ, ತನ್ನ ಮೇಲೆ ಯಾವುದೋ ಹಗೆ ತೀರಿಸಿಕೊಳ್ಳುತ್ತಿದೆ ಎಂದೆಲ್ಲ ಅವರಿಗೆ ಅನ್ನಿಸತೊಡಗಿತು.

ಅದೇ ವಾರ ಇನ್ನೊಂದು ನಡೆಯಿತು. ಟೈಲರಮ್ಮ ತಿರುವಿನಲ್ಲಿ ಗಾಡಿ ಹೊರಳಿಸುತ್ತಿದ್ದಾಗ ಅಡ್ಡ ರಸ್ತೆಯಿಂದ ಸೈಕಲ್ಲಿನ ಮುದುಕನೊಬ್ಬ ಬಂದ. ಮೇಷ್ಟ್ರು ಬ್ರೇಕು ಒತ್ತಿದರು. ಒತ್ತಿದೆ ಎಂದೇ ಅಂದುಕೊಂಡರು. ಗಾಡಿ ನಿಲ್ಲಲಿಲ್ಲ. ಟೈಲರಮ್ಮ ಕಿರುಚಿ ತನ್ನ ಬ್ರೇಕನ್ನು ತುಳಿದಳು. ಗಾಡಿ ಮುದುಕನಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಮುದುಕ ಇಬ್ಬರನ್ನೂ ಬಾಯಿಗೆ ಬಂದಂತೆ ಬೈದು ಹೋದ. ಮೇಷ್ಟ್ರು ತಲೆ ಬಗ್ಗಿಸಿ ನೋಡಿದರೆ ಅವರ ಬೂಟು ಪೆಡಲಿನ ಪಕ್ಕದಲ್ಲಿ, ಬರೀ ನೆಲವನ್ನು ಒತ್ತಿ ಹಿಡಿದಿತ್ತು.

"ಮ್ಯಾಟು ಒದ್ದೆ, ಕಾಲು ಜಾರ್ತು," ಎಂದರು.

"ಪ್ರಾಣ ನಿಮ್ಮ ಕಾಲಲ್ಲಿದೆ ಮೇಷ್ಟ್ರೇ, ಜಾರಿಸ್ಬೇಡಿ," ಎಂದಳು ಟೈಲರಮ್ಮ. ನಗುತ್ತಲೇ ಎಂದಳು, ಆದರೆ ಆಮೇಲೆ ಎರಡನೇ ಗೇರು ದಾಟಲಿಲ್ಲ. ಮೇಷ್ಟ್ರು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕಾಲು ತಪ್ಪಿತ್ತು. ತಪ್ಪನ್ನೆಲ್ಲ ಅವರು ಆ ಒದ್ದೆ ಮ್ಯಾಟಿನ ತಲೆಗೆ ಕಟ್ಟಿದರು.

ಮರುದಿನ ಭಾವಮೈದನ ಗ್ಯಾರೇಜಿಗೆ ಹೋಗಿ, "ಏನಾದ್ರೂ ಮಾಡು. ನೆಲ ಕಿತ್ತು ಹಾಕು, ಸೀಟು ಕಿತ್ತು ಹಾಕು. ನನಗೆ ನಾತ ಹೋಗ್ಬೇಕು, ನೀರು ನಿಲ್ಬೇಕು," ಎಂದರು. ಯಾವತ್ತೂ ಮಾತಿಗೊಂದು ಕೊಂಕು ತೆಗೆಯುವ ಭಾವಮೈದ ಅವತ್ತು ತೆಪ್ಪಗೆ ಕೀಲಿ ಇಸಿದುಕೊಂಡ.

ಎರಡು ದಿನ ಗಾಡಿ ಅವನ ಹತ್ತಿರವೇ ಇತ್ತು. ಎ.ಸಿ. ನೀರು ಹೊರಗೆ ಹೋಗುವ ರಬ್ಬರ್ ಪೈಪಿನಲ್ಲಿ ಕಸ ಕಟ್ಟಿಕೊಂಡು, ನೀರೆಲ್ಲ ಒಳಗೆ, ಮೇಷ್ಟ್ರು ಕಾಲಿಡುವ ಕಡೆ ಇಳಿಯುತ್ತಿತ್ತು. ಪೈಪು ಬದಲಾಯಿಸಿದ. ಸೀಟುಗಳನ್ನು ಬಿಚ್ಚಿ ತೊಳೆದ. ನೆಲದ ಕಾರ್ಪೆಟ್ಟನ್ನು ಕಿತ್ತು ಬಿಸಾಕಿ, ತುಕ್ಕು ಕೆರೆದು, ತಗಡಿಗೆ ಕರಿಬಣ್ಣ ಹೊಡೆದು ಒಣಗಿಸಿದ. ಮೂರನೇ ದಿನ ಕೀಲಿ ಕೊಡುವಾಗ ಹೆಮ್ಮೆಯಿಂದ ಹೇಳಿದ:

"ಭಾವ, ಇದರೊಳಗೆ ಕೂತು ಊಟ ಮಾಡಿದೀನಿ ನಾನು. ಎರಡು ದಿನದಲ್ಲಿ ಒಂದು ಸಲಾನೂ ನಾತ ಬರ್ಲಿಲ್ಲ. ಇನ್ನು ಇದರಲ್ಲಿ ನಾತ ಬಂದ್ರೆ ನಾನು ಗ್ಯಾರೇಜಿಗೆ ಬೀಗ ಹಾಕ್ತೀನಿ."

ಮೇಷ್ಟ್ರು ಮೂಗು ಒಡ್ಡಿ ನೋಡಿದರು. ಬರೀ ಬಣ್ಣದ ವಾಸನೆ, ಕಬ್ಬಿಣದ ವಾಸನೆ. ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತು. ಭಾವಮೈದನ ಭುಜ ತಟ್ಟಿ, ಟೈಲರಮ್ಮನನ್ನು ಗೋದಾಮುಗಳ ಹಿಂದಿನ ಬಯಲಿಗೆ ಬರಹೇಳಿದರು. ಪರೀಕ್ಷೆಗೆ ಇನ್ನು ಮೂರು ವಾರವಿತ್ತು.

ಬಯಲಿನಲ್ಲಿ ನಾಲ್ಕು ಖಾಲಿ ಡ್ರಮ್ಮುಗಳ ನಡುವೆ ಹಿಂದಕ್ಕೆ ಗಾಡಿ ತೆಗೆಯುವ ಪಾಠ. ಟೈಲರಮ್ಮ ಕುತ್ತಿಗೆ ತಿರುಗಿಸಿ, ನಾಲಿಗೆ ತುದಿ ಕಚ್ಚಿಕೊಂಡು, ಹೊಲಿಗೆ ಓರೆಯಾಗದಂತೆ ನೋಡಿಕೊಳ್ಳುವವಳ ಹಾಗೆ ಹಿಂದಕ್ಕೆ ಬರುತ್ತಿದ್ದಳು. ಮೊದಲನೇ ಸಲ ಸರಿಯಾಯಿತು, ಎರಡನೆಯದೂ ಸರಿಯಾಯಿತು. ಮೇಷ್ಟ್ರು ಶಹಭಾಸ್ ಎಂದರು. ಮೂರನೆಯ ಸಲ ಹೊರಡುವ ಮುಂಚೆ ಅವಳು ಏನೂ ಮಾತಾಡದೆ, ಅವರ ಕಡೆ ನೋಡದೆ, ಮೆಲ್ಲಗೆ ಕಿಟಕಿಯ ಗಾಜು ಇಳಿಸಿದಳು.

ಅದನ್ನು ನೋಡಿ ಮೇಷ್ಟ್ರು ಉಸಿರೆಳೆದುಕೊಂಡರು. ಬಂದಿತ್ತು. ಅದೇ ಸಿಹಿ, ಅದೇ ಕೊಳೆ.

"ನಿಲ್ಸಿ," ಎಂದರು. "ಎಲ್ಲಿಂದ ಬರ್ತಿದೆ ಇದು? ಎಲ್ಲಿ ಉಳಿದಿದೆ ಇನ್ನೂ?" ಬಾಗಿಲು ತೆಗೆದು ಕೆಳಗಿಳಿದು, ಬಾಗಲಾರದೆ ಬಾಗಿ, ನೆಲದ ತಗಡನ್ನು ತಡವಿದರು. ಕಾರ್ಪೆಟ್ಟಿಲ್ಲ, ಮ್ಯಾಟಿಲ್ಲ. ಬೆರಳಿಗೆ ಧೂಳು ಹತ್ತಿತು. ಎಲ್ಲೂ ಒಂದು ಹನಿ ನೀರಿರಲಿಲ್ಲ. ಆದರೆ ಬ್ರೇಕ್ ಪೆಡಲಿನ ಕೆಳಗೆ, ಆ ಕರಿಬಣ್ಣದ ಮೇಲೆ, ಒಂದು ಬೂಟಿನ ಒದ್ದೆ ಗುರುತು. ಬಲಗಾಲಿನದು ಮಾತ್ರ.

ಟೈಲರಮ್ಮ ಸುತ್ತಿಕೊಂಡು ಈ ಕಡೆ ಬಂದು ನೋಡಿದಳು. "ಮೇಷ್ಟ್ರೇ, ನೆಲ ಒಣಗಿದೆ. ನಿಮ್ಮ ಬೂಟು ಹೇಗೆ ಒದ್ದೆ ಆಯ್ತು?"

ಮೇಷ್ಟ್ರು ಸೀಟಿನ ಅಂಚಿಗೆ ಕೂತು ಬೂಟಿನ ದಾರ ಬಿಚ್ಚಿದರು. ಬೂಟು ಬಂತು, ಕಾಲುಚೀಲ ಬರಲಿಲ್ಲ, ಅಂಗಾಲಿಗೆ ಕಚ್ಚಿಕೊಂಡಿತ್ತು. ಟೈಲರಮ್ಮ ಮಂಡಿಯೂರಿ ಅವರ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಾಟಲಿಯ ನೀರು ಸುರಿಯುತ್ತಾ, ಹೊಲಿಗೆ ಬಿಚ್ಚುವವಳ ತಾಳ್ಮೆಯಲ್ಲಿ ಚೂರು ಚೂರೇ ಬಿಡಿಸಿದಳು.

"ನೋಯ್ತಿದೆಯಾ?"

"ಇಲ್ಲ."

"ಈಗ?"

"ಇಲ್ಲಮ್ಮ. ಏನೂ ಇಲ್ಲ. ಎಳೀರಿ."

ಕಾಲುಚೀಲ ಕಳಚಿತು. ಟೈಲರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡವಳು ತಕ್ಷಣ ನಾಚಿಕೆಯಾಗಿ ಸೆರಗು ಬಿಟ್ಟಳು. ಅಂಗಾಲಿನ ಮುಂಭಾಗದಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಕೋಟಿನ ಗುಂಡಿಯಷ್ಟಗಲದ ತೂತು. ಸುತ್ತ ಬೆಳ್ಳಗೆ ನೆನೆದ ಚರ್ಮ, ಒಳಗೆ ಕಪ್ಪು. ಎರಡು ಬೆರಳು ಬುಡದವರೆಗೆ ನೀಲಿಗಟ್ಟಿದ್ದವು. ಮೇಷ್ಟ್ರಿಗೆ ಅದು ಕಾಣುತ್ತಿರಲಿಲ್ಲ. ಅವರು ಅವಳ ಮುಖವನ್ನಷ್ಟೇ ನೋಡುತ್ತಿದ್ದರು, ಅಷ್ಟರಿಂದಲೇ ಎಲ್ಲ ತಿಳಿಯಿತು. ಗಾಡಿಯ ನಾತ ಅವರಿಗೆ ಹತ್ತಿಕೊಂಡಿರಲಿಲ್ಲ, ಅವರ ನಾತ ಗಾಡಿಗೆ ಹತ್ತಿಕೊಂಡಿತ್ತು. ಮೂರು ತಿಂಗಳು ಅವರು ಸೋಡಾ ಸುರಿದು, ಸೋಪು ಹಾಕಿ, ಬಿಸಿಲಿಗೆ ನಿಲ್ಲಿಸಿದ್ದು ಒಂದು ತಪ್ಪೂ ಮಾಡದ ಗಾಡಿಯನ್ನು.

"ಹತ್ತಿ ಹಿಂದೆ," ಎಂದಳು ಟೈಲರಮ್ಮ. "ಆಸ್ಪತ್ರೆಗೆ ಹೋಗೋಣ. ಕಾಲು ಉದ್ದಕ್ಕೆ ಚಾಚ್ಕೊಳ್ಳಿ."

ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿ, ತನ್ನ ಚೀಲದಲ್ಲಿದ್ದ ಹೊಸ ಬಿಳಿಬಟ್ಟೆಯನ್ನು ಕಾಲಿಗೆ ಸುತ್ತಿದಳು. ಮೇಷ್ಟ್ರ ಹೆಂಡತಿಗೆ ಫೋನು ಮಾಡಿ, ನೇರ ಆಸ್ಪತ್ರೆಗೆ ಬರುವಂತೆ ಹೇಳಿದಳು. ಸ್ಟೀರಿಂಗ್ ಮುಂದೆ ಕೂತ ಮೇಲೆ ಪಕ್ಕದ ಖಾಲಿ ಸೀಟು ನೋಡಿ ಅವಳ ಕೈ ನಿಂತುಹೋಯಿತು.

"ಮೇಷ್ಟ್ರೇ, ನಿಮ್ಮ ಕಾಲಿಲ್ದೆ ನಾನು ಮೇನ್‌ರೋಡಲ್ಲಿ ಓಡ್ಸಲ್ಲ. ನನಗೆ ಆಗಲ್ಲ."

ಮೇಷ್ಟ್ರು ಕಣ್ಣು ಮುಚ್ಚಿದ್ದರು. ಸೈಕಲ್ಲಿನ ಮುದುಕ ಕಣ್ಣ ಮುಂದೆ ಬಂದ. ಬಂದು, ಈ ಸಲ ಗಾಡಿಯ ಕೆಳಗೇ ಬಿದ್ದ. ಅಂದು ಜಾರಿದ್ದು ಮ್ಯಾಟಿನಿಂದಲ್ಲ. ಕಾಲಿಗೆ ತಾನು ಎಲ್ಲಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಅಂಥ ಕಾಲನ್ನು ನಂಬಿ ಹನ್ನೊಂದು ಜನ ರಸ್ತೆಗಿಳಿದಿದ್ದರು.

"ಎಷ್ಟೋ ತಿಂಗಳಿಂದ ನನ್ನ ಕಾಲು ಅಲ್ಲಿರಲೇ ಇಲ್ಲಮ್ಮ," ಎಂದರು. "ನೀವೇ ಓಡಿಸ್ತಿದ್ರಿ. ಹೊರಡಿ."

ಅವಳು ಹೊರಟಳು. ಆಸ್ಪತ್ರೆಯವರೆಗೂ ಅಳುತ್ತಲೇ ಓಡಿಸಿದಳು, ಒಂದು ಕಡೆಯೂ ತಪ್ಪಲಿಲ್ಲ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು. ಮೇಷ್ಟ್ರ ಶಿಷ್ಯೆಯರಲ್ಲಿ ಒಬ್ಬಳಿರಬಹುದು ಎನ್ನುವಂಥ ವಯಸ್ಸು. ಗಾಯಕ್ಕೆ ಉದ್ದನೆಯ ಕಡ್ಡಿ ಹಾಕಿ ನೋಡಿದಳು. ಕಡ್ಡಿ ಮೂಳೆಗೆ ತಾಗಿದ ಸದ್ದು ಮೇಷ್ಟ್ರಿಗೆ ಕೇಳಿಸಿತು, ತಾಗಿದ್ದು ಗೊತ್ತಾಗಲಿಲ್ಲ.

"ಎಷ್ಟು ದಿನದಿಂದ?"

"ನಾತ ಬಂದು ಮೂರು ತಿಂಗಳಾಯ್ತು."

"ಗಾಯ ಎಷ್ಟು ದಿನದ್ದು ಅಂತ ಕೇಳಿದ್ದು."

"ಗಾಯ ಇವತ್ತೇ ಗೊತ್ತಾಗಿದ್ದು," ಎಂದರು ಮೇಷ್ಟ್ರು. "ಉರಿ ನಿಂತಿತ್ತು. ವಾಸಿ ಆಯ್ತು ಅಂದುಕೊಂಡೆ."

"ಉರಿ ನಿಂತಿದ್ದು ನರ ಸತ್ತಿದ್ದಕ್ಕೆ," ಎಂದಳು ಅವಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಅನ್ನಿಸಿತು.

ಅಷ್ಟು ಹೊತ್ತಿಗೆ ಹೆಂಡತಿ ತಮ್ಮನ ಬೈಕಿನಲ್ಲಿ ಬಂದಳು. ಗಂಡನ ಮುಖ ನೋಡುವ ಧೈರ್ಯವಾಗದೆ ಮಂಚದಡಿಯಿದ್ದ ಬೂಟನ್ನು ಎತ್ತಿಕೊಂಡು, ಒಳಗೆ ಕೈ ಹಾಕಿ ತಡವಿದಳು. "ಅಯ್ಯೋ!" ಎಂದು ಕೈ ಹಿಂದೆಗೆದಳು. ಬೆರಳ ತುದಿಯಲ್ಲಿ ರಕ್ತದ ಹನಿ. ಭಾವಮೈದ ಬೂಟನ್ನು ಬೆಳಕಿಗೆ ಹಿಡಿದು ನೋಡಿದ. ಅಟ್ಟೆಯನ್ನು ತೂರಿಕೊಂಡು ಒಂದು ಮೊಳೆಯ ಮೊನೆ ಒಳಗೆ ಎದ್ದು ನಿಂತಿತ್ತು. ಅಕ್ಕಿಕಾಳಿನಷ್ಟುದ್ದ. ಎಲ್ಲಿ ತುಳಿದಿದ್ದರೋ, ಎಂದು ತುಳಿದಿದ್ದರೋ. ಅದು ಇದ್ದದ್ದು ಪೆಡಲಿನ ಮೇಲೆ ಭಾರ ಬೀಳುವ ಜಾಗದಲ್ಲೇ. ಒಬ್ಬೊಬ್ಬ ಶಿಷ್ಯನನ್ನು ಕಾಪಾಡಲು ಬ್ರೇಕು ಒತ್ತಿದಾಗಲೆಲ್ಲ ಮೊಳೆ ಒಂದು ಸಲ ಒಳಗೆ ಹೋಗಿತ್ತು. ಅವರು ಎಷ್ಟು ಹುಷಾರಾಗಿ ಕಲಿಸಿದರೋ ಅಷ್ಟು ಸಲ.

"ನನಗೆ ಒಂದು ಸಲ ಚುಚ್ಚಿದ್ದಕ್ಕೆ ಪ್ರಾಣ ಹೋದಂಗಾಯ್ತು," ಎಂದು ಹೆಂಡತಿ ಗೋಡೆಗೆ ಹಣೆ ಒತ್ತಿ ಅತ್ತಳು. "ಬೂಟು ಆಚೆ ಬಿಡಿ ಅಂದೆನಲ್ಲ ನಾನು. ಮೂರು ತಿಂಗಳು ಆ ಕಡೆ ಮುಖ ತಿರುಗಿಸ್ಕೊಂಡು ಮಲಗಿದೆನಲ್ಲ. ಒಂದು ದಿನ, ಒಂದೇ ಒಂದು ದಿನ ಕಾಲು ಎತ್ತಿ ನೋಡಿದ್ರೆ..."

"ಅಕ್ಕ, ಸುಮ್ನಿರು," ಎಂದ ತಮ್ಮ.

ಮೊಣಕಾಲಿನ ಕೆಳಗೆ ತೆಗೆಯಬೇಕು, ತಡಮಾಡಿದರೆ ಮೇಲೆ ತೆಗೆಯಬೇಕಾಗುತ್ತದೆ ಎಂದಳು ಡಾಕ್ಟರು. ಮೇಷ್ಟ್ರು ಬಹಳ ಹೊತ್ತು ತಲೆಯಾಡಿಸುತ್ತಾ ಕೇಳಿಸಿಕೊಂಡರು, ಎಲ್ಲ ಅರ್ಥವಾದವರ ಹಾಗೆ. ಆಮೇಲೆ ಮೆಲ್ಲಗೆ ಕೇಳಿದರು:

"ಮುಂದಿನ ಅರ್ಧ ತೆಗೆದು ಹಿಮ್ಮಡಿ ಬಿಟ್ರೆ ಆಗಲ್ವಾ? ಹಿಮ್ಮಡೀಲೇ ಬ್ರೇಕ್ ಒತ್ತೋದು ಅಭ್ಯಾಸ ಮಾಡ್ಕೋತೀನಿ."

ಡಾಕ್ಟರು ಅವರ ಕೈಯ ಮೇಲೆ ಕೈಯಿಟ್ಟಳು. ಅದೇ ಉತ್ತರವಾಗಿತ್ತು.

ಅಲ್ಲಿಂದ ಆರು ವಾರಕ್ಕೆ ಮೇಷ್ಟ್ರು ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಪ್ಯಾಂಟಿನ ಬಲಗಾಲನ್ನು ಹೆಂಡತಿ ಮಡಿಸಿ ಪಿನ್ನು ಹಾಕಿದ್ದಳು. ಕೃತಕ ಕಾಲು ಹಾಕಿಸಬಹುದು, ನಡೆಯಬಹುದು, ಎಲ್ಲ ಆಗುತ್ತದೆ ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಎಲ್ಲ ಅಂದರೆ ಏನೆಂದು ಮೇಷ್ಟ್ರು ಯಾರನ್ನೂ ಕೇಳಲಿಲ್ಲ. ಮರದ ಕಾಲಿಗೆ ಇನ್ನೊಬ್ಬರ ಪ್ರಾಣ ಒಪ್ಪಿಸಿ ಎಂದು ಹೇಳುವ ಬಾಯಿ ಅವರಿಗಿರಲಿಲ್ಲ. ಸ್ಕೂಲಿನ ಬೋರ್ಡನ್ನು ಭಾವಮೈದ ಒಂದು ದಿನ ಹೇಳದೆ ಕೇಳದೆ ಇಳಿಸಿ ತಂದು, ಅಟ್ಟದ ಮೇಲೆ ಗೋಡೆಗೆ ಮುಖಮಾಡಿ ಇಟ್ಟ.

ಒಂದು ಮಧ್ಯಾಹ್ನ ಗೇಟಿನ ಮುಂದೆ ಪರಿಚಿತ ಇಂಜಿನ್ನಿನ ಸದ್ದಾಯಿತು. ಕಾರಿನಿಂದ ಟೈಲರಮ್ಮ ಇಳಿದಳು. ಭಾವಮೈದನ ಗ್ಯಾರೇಜಿನಲ್ಲಿ ನಿಂತಿದ್ದ ಗಾಡಿಯನ್ನು ಕೇಳಿ ಪಡೆದು, ಅದರಲ್ಲೇ ಪರೀಕ್ಷೆಗೆ ಹೋಗಿದ್ದಳಂತೆ. ಮೂರನೇ ಸಲಕ್ಕೆ ಪಾಸು. ಒಳಗೆ ಬಂದವಳೇ ಲೈಸೆನ್ಸನ್ನು ಮೇಷ್ಟ್ರ ಕೈಯಲ್ಲಿಟ್ಟು, ಅವರ ಉಳಿದ ಕಾಲನ್ನು ಮುಟ್ಟಿ ನಮಸ್ಕಾರ ಮಾಡಿದಳು.

"ಒಬ್ಬಳೇ ಓಡಿಸ್ಕೊಂಡು ಬಂದೆ ಮೇಷ್ಟ್ರೇ! ಪಕ್ಕದಲ್ಲಿ ಯಾರೂ ಇಲ್ಲ!" ಉಬ್ಬಸ ಬಂದವಳ ಹಾಗೆ ಮಾತಾಡುತ್ತಿದ್ದಳು. "ಹೊರಗೆ ಧೂಳು ಅಂತ ನಾಲ್ಕೂ ಕಿಟಕಿ ಹಾಕ್ಕೊಂಡೇ ಬಂದೆ. ಒಂಚೂರು ನಾತ ಇಲ್ಲ ಗಾಡೀಲಿ! ಪೂರ್ತಿ ಹೋಗ್ಬಿಟ್ಟಿದೆ!"

ಹೇಳಿ ಮುಗಿಸಿದ ಮೇಲೆ, ತಾನು ಏನು ಹೇಳಿದೆ ಎಂಬುದು ಅವಳಿಗೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದಳು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋಗಿಬಿಟ್ಟಳು.

ಮೇಷ್ಟ್ರು ಲೈಸೆನ್ಸಿನ ಮೇಲಿದ್ದ ಅವಳ ಫೋಟೊವನ್ನು ಹೆಬ್ಬೆರಳಿನಿಂದ ಒರೆಸಿದರು. ಚೆನ್ನಾಗಿದೆ ಎಂದರು. ನಗಬೇಕೆಂದು ನೋಡಿದರು, ಮುಖ ಒಪ್ಪಲಿಲ್ಲ. ಕಿಟಕಿಯಾಚೆ ಗಾಡಿ ತೊಳೆದ ಮೈಯಲ್ಲಿ ಬಿಸಿಲಿಗೆ ನಿಂತಿತ್ತು.

"ಹೋಗ್ಲಿ, ಹೋಗ್ಲಿ ಅಂತ ಎಷ್ಟು ಒದ್ದಾಡ್ದೆ," ಎಂದರು. "ಅದು ಇದ್ದಷ್ಟು ದಿನ ನಾನೂ ಗಾಡೀಲಿದ್ದೆ."